ಪಾಯಿಂಟ್ ಆರರ ಸಂದಿನಲ್ಲಿ ಚೆಂಡು ಹೂವು

ಕಡಿಮೆ ಮಾತನಾಡುವವರಿಗೆ ಒಂದು ದೊಡ್ಡ ತೊಂದರೆ ಇದೆ. ಅವರು ಅಪರೂಪಕ್ಕೆ ಆಡಿದ ಮಾತನ್ನು ಜನ ನಂಬಿಬಿಡುತ್ತಾರೆ.

ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪಾಠ ಬಿಟ್ಟರೆ ಹೆಚ್ಚಿಗೆ ಮಾತಿಲ್ಲ. ಮನೆಗೆ ಬಂದವರಿಗೆ ನೀರು ಕೊಟ್ಟು, ನಕ್ಕು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವವರ ಪೈಕಿ. ಹೀಗಾಗಿ ದಸರಾ ರಜೆಗೆ ತಿಕೋಟಾದ ಮಲ್ಲು ಕಾಕಾನ ಮನೆಗೆ ಹೋದಾಗ, ಊಟದ ನಡುವೆ ನಾನೊಂದು ಪೂರ್ತಿ ಮಾತು ಆಡಿದ್ದು ಎಲ್ಲರ ಕೈಯಲ್ಲಿನ ರೊಟ್ಟಿಯನ್ನು ನಿಲ್ಲಿಸಿತು.

"ಅದೇನ್ ದೊಡ್ಡ ಕೆಲಸ ಅಲ್ಲ ಕಾಕಾ. ಅಳತಿ ಸಾಮಾನ ಇದ್ರ ನಾನ ಮಾಡ್ತೀನಿ."

ಯಾವ ಕೆಲಸ ಎಂದು ಹೇಳಬೇಕು. ಮಲ್ಲು ಕಾಕಾ ನನ್ನ ಅಪ್ಪನ ತಮ್ಮ. ದ್ರಾಕ್ಷಿ ಬೆಳೆದು, ಒಣಗಿಸಿ ಮಾರುವ ಸಭ್ಯ ಗೃಹಸ್ಥ. ಅವನಿಗಿರುವುದು ಒಂದೇ ಚಟ. ಅದಕ್ಕೆ ನಾಲ್ಕು ಗಾಲಿ. ಎತ್ತಿನ ಬೆನ್ನಿನಷ್ಟು ಅಗಲವಾದ ಬಾನೆಟ್ಟಿನ ಒಂದು ಹಳೆಯ ಕಾಂಟೆಸಾ ಕಾರು. ಅದನ್ನು ಕೊಲ್ಹಾಪುರಕ್ಕೆ ಒಯ್ದು, ಪಿಸ್ಟನ್ ಬದಲಿಸಿ, ಎಂಜಿನ್ನಿನ ಹೆಡ್ಡು ಹೆರೆಸಿ, ಎರಡು ಕಾರ್ಬುರೇಟರ್ ಕೂರಿಸಿಕೊಂಡು ಬಂದಿದ್ದ. ನಿಂತಲ್ಲೇ ಗುರ್ ಎನ್ನುವಾಗ ಅಂಗಳದ ಕೋಳಿಗಳು ಕಾಣೆಯಾಗುತ್ತಿದ್ದವು. ಆದರೆ ಓಡುವಾಗ ಮಾತ್ರ ಮುಗ್ಗರಿಸುತ್ತಿತ್ತು. ಕೊಲ್ಹಾಪುರದ ಮೇಸ್ತ್ರಿ ಫೋನಿನಲ್ಲಿ ತೀರ್ಪು ಕೊಟ್ಟಿದ್ದ: ಸ್ಪಾರ್ಕ್ ಪ್ಲಗ್ಗಿನ ಗ್ಯಾಪು ಹೆಚ್ಚಾಗಿದೆ, ಪಾಯಿಂಟ್ ಆರು ಮಿಲಿಮೀಟರಿಗೆ ತನ್ನಿ.

ಪ್ಲಗ್ಗಿನ ತುದಿಯಲ್ಲಿ ಒಂದು ಸಣ್ಣ ಮೊಳೆ, ಅದರ ಮೇಲೆ ಕೊಕ್ಕಿನಂತೆ ಬಾಗಿದ ಇನ್ನೊಂದು ತುಂಡು. ನಡುವೆ ಒಂದು ಸಂದು. ಕಿಡಿ ಹಾರುವುದು ಅಲ್ಲಿ. ಸಂದು ತೀರ ಕಿರಿದಾದರೆ ಕಿಡಿಗೆ ಬಲವಿಲ್ಲ. ಅಗಲವಾದರೆ ಎಂಜಿನ್ನಿನೊಳಗಿನ ಒತ್ತಡಕ್ಕೆ ಕಿಡಿ ಹಾರುವುದೇ ಇಲ್ಲ. ಸಾಮಾನ್ಯ ಕಾರಿಗೆ ಕಂಪನಿ ಹೇಳಿದ ಅಳತೆ ನಡೆಯುತ್ತದೆ. ಕಾಕಾನ ಎಂಜಿನ್ನಿನೊಳಗೆ ಕಂಪನಿಯವರು ಗುರುತು ಹಿಡಿಯುವಂಥದ್ದು ಏನೂ ಉಳಿದಿರಲಿಲ್ಲವಾದ್ದರಿಂದ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಬೆಲೆ ಬಂದಿತ್ತು. ಕಾಕಾನಿಗೆ ಹತ್ತಿರದ್ದು ಕಾಣುವುದಿಲ್ಲ. ಕನ್ನಡಕ ಹಾಕಿಕೊಂಡರೆ ಮುದುಕನಾಗಿ ಕಾಣುತ್ತೇನೆಂದು ಹಾಕಿಕೊಳ್ಳುವುದೂ ಇಲ್ಲ. ತಿಕೋಟಾದ ಯಾವ ಮೇಸ್ತ್ರಿಗೂ ಬಾನೆಟ್ ತೆರೆಯಲು ಬಿಡುವುದಿಲ್ಲ.

"ಫಿಜಿಕ್ಸ್ ಓದ್ಯಾಳ, ಮಾಡ್ತಾಳ," ಎಂದ ಕಾಕಾ, ಕಾಕಿಯ ಕಡೆ ನೋಡದೆ.

ಕಾಕಿ ಅವನ ಕಡೆಯೇ ನೋಡುತ್ತಿದ್ದಳು. ಅವಳ ತವರು ಬಬಲೇಶ್ವರ. ಪ್ರತಿ ದಸರಾಕ್ಕೆ ಬನ್ನಿ ಎಲೆ ಕೊಡಲು ಅಲ್ಲಿಗೆ ಹೋಗುವುದು ರೂಢಿ. ಹೋದ ವರ್ಷ ಹೊಸ ಸೀರೆ ಉಟ್ಟು ಈ ಕಾರಿನಲ್ಲೇ ಹೊರಟಿದ್ದಳು. ಕಾರು ಅರ್ಧ ದಾರಿಯಲ್ಲಿ ನಿಂತಿತು. ಅವಳ ತಮ್ಮ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ.

"ತವರಿಗೆ ಹಗ್ಗ ಹಚ್ಚಿ ಎಳಿಸ್ಕೊಂಡು ಹೋದ ಮಗಳು ಬಬಲೇಶ್ವರದಾಗ ನಾ ಒಬ್ಬಾಕಿನ," ಎಂದಳು ಕಾಕಿ. "ಓಣಿ ಹುಡುಗೂರು ಕ್ಯಾಕಿ ಹೊಡದು ನಕ್ಕಾವ. ಈ ಸಲ ನಡುದಾರ್ಯಾಗ ಕೆಟ್ಟು ನಿಂತ್ರ ಇದನ್ನ ಅಲ್ಲೇ ಗುಜರಿಗೆ ಕೊಡೂದು. ಕೊಡ್ತೀನಿ ಅಂತ ಎಲ್ಲಾರ ಮುಂದ ಹೇಳ್ರಿ."

ಕಾಕಾ ತಾಟಿನ ಅಂಚು ಸವರುತ್ತ, "ಕೊಡ್ತೀನಿ" ಎಂದ. ಆಮೇಲೆ ನನ್ನತ್ತ ನೋಡಿದ. ಆಪರೇಷನ್ನಿಗೆ ಹೋಗುವವನು ಡಾಕ್ಟರನ್ನು ನೋಡುವ ನೋಟ ಅದು. ಆದರೂ ನನಗೆ ಒಳಗೊಳಗೆ ಧೈರ್ಯವಿತ್ತು. ಪ್ರಯೋಗಾಲಯದಲ್ಲಿ ತಂತಿಯ ದಪ್ಪ ಅಳೆದವಳಿಗೆ ಇದು ಯಾವ ಲೆಕ್ಕ!

ವಿಜಯಪುರಕ್ಕೆ ಹೋಗಿ ಫೀಲರ್ ಗೇಜ್ ಕೊಂಡು ತಂದೆ. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳ್ಳನೆಯ ಉಕ್ಕಿನ ಎಲೆಗಳ ಒಂದು ಕಟ್ಟು. ಒಂದೊಂದು ಎಲೆಯ ಮೇಲೂ ಅದರ ದಪ್ಪ ಬರೆದಿರುತ್ತದೆ. ಪಾಯಿಂಟ್ ಆರು ಎಂದು ಬರೆದ ಎಲೆ ಸಂದಿನಲ್ಲಿ ಸ್ವಲ್ಪ ತಡೆದು, ಆದರೆ ಸಿಕ್ಕಿಕೊಳ್ಳದೆ ಜಾರಿದರೆ ಕೆಲಸ ಮುಗಿಯಿತು. ಪಡಸಾಲೆಯಲ್ಲಿ ಬಿಳಿ ಬಟ್ಟೆ ಹಾಸಿ, ನಾಲ್ಕು ಪ್ಲಗ್ಗುಗಳನ್ನು ಉಜ್ಜಿ, ಕೊಕ್ಕನ್ನು ಕೂದಲೆಳೆಯಷ್ಟು ಬಗ್ಗಿಸುತ್ತ, ಅಳೆಯುತ್ತ, ಮತ್ತೆ ಅಳೆಯುತ್ತ ಕೂತೆ. ಬೆಳಗು ಕಳೆಯಿತು. ನಾಲ್ಕೂ ಒಂದೇ ತಾಯಿಯ ಮಕ್ಕಳಂತೆ ಆದವು. ಹೀಗೆ ಸದರಿ ಕಾರ್ಯವು ಯಾವ ವಿಘ್ನವೂ ಇಲ್ಲದೆ ನೆರವೇರಿತು. ನಾನು ಕೈ ತೊಳೆಯಲು ಹಿತ್ತಿಲಿಗೆ ಹೋದೆ.

ಹೋಗಬಾರದಿತ್ತು!

ಅಂದು ಖಂಡೇ ಪೂಜೆ. ಮನೆಯಲ್ಲಿ ದುಡಿಯುವ ಸಾಮಾನುಗಳೆಲ್ಲ ಕೆಲಸ ಬಿಟ್ಟು ದೇವರ ಮುಂದೆ ಕೂಡುವ ದಿನ. ಮರುದಿನ ಪೂಜೆ ಎಬ್ಬಿಸುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಕುಡಗೋಲು, ಸಲಿಕೆ, ನಟ್ಟು ಬಿಚ್ಚುವ ಪಾನಾಗಳ ಸಾಲಿಗೆ ನನ್ನ ಪ್ಲಗ್ಗುಗಳೂ ಸೇರುತ್ತವೆ ಎಂದು ಹೊಳೆದಿರಲಿಲ್ಲ. ನನ್ನ ಆಯಿಗೆ, ಅಂದರೆ ಕಾಕಾನ ತಾಯಿಗೆ, ಹೊಳೆದಿತ್ತು.

ನಾನು ಒದ್ದೆ ಕೈಯನ್ನು ವೇಲಿಗೆ ಒರೆಸಿಕೊಳ್ಳುತ್ತ ಬಂದಾಗ ಬಿಳಿ ಬಟ್ಟೆ ಖಾಲಿಯಾಗಿತ್ತು. ಜಗಲಿಯ ಮುಂದೆ, ಹೊಲಿಗೆ ಯಂತ್ರ ಮತ್ತು ಒನಕೆಯ ನಡುವೆ, ನಾಲ್ಕು ಪ್ಲಗ್ಗುಗಳು ಗೋದಿಯ ರಾಶಿಯಲ್ಲಿ ನೆಟ್ಟಗೆ ನಿಂತಿದ್ದವು. ಮೈತುಂಬ ವಿಭೂತಿ. ಹಣೆಯೆಂದು ಆಯಿ ತೀರ್ಮಾನಿಸಿದ ಜಾಗದಲ್ಲಿ ಕುಂಕುಮ. ಮತ್ತು ನಾನು ಒಂದು ಬೆಳಗಿನ ಆಯುಷ್ಯ ಸವೆಸಿ ಹೊಂದಿಸಿದ ಪ್ರತಿಯೊಂದು ಸಂದಿನೊಳಗೂ ತೊಟ್ಟು ತುರುಕಿದ ಒಂದೊಂದು ಚೆಂಡು ಹೂವು!

"ಆಯಿ..." ಎಂದೆ.

"ಎಷ್ಟ್ ಛಲೋ ಕುಂತಾವ ನೋಡವಾ," ಎಂದಳು ಆಯಿ. "ಪಾನಾಕ್ಕ ಹೂವು ನಿಲ್ಲಂಗಿಲ್ಲ, ಕುಡಗೋಲಿಗೂ ನಿಲ್ಲಂಗಿಲ್ಲ. ಇದಕ್ಕ ಹೂವು ಸಿಗಿಸಾಕಂತನ ಸಂದ ಇಟ್ಟಾನ, ಮಾಡಿದಂವ ಶಾಣ್ಯಾ. ಒಂದೀಟ ಬಿಗಿ ಇದ್ದೂ, ಹಿಗ್ಗಿಸಿ ಹಾಕೀನಿ."

ಹಿಗ್ಗಿಸಿ!

"ತಗಿಲೇನ ಆಯಿ? ಒಂದ ನಿಮಿಷ."

"ಥೂ ಹುಚ್ಚಿ! ನಾಳೆ ಎಬ್ಬಿಸೋ ತನಕ ಮುಟ್ಟಿದ್ರ ನೋಡು."

ಗೇಜನ್ನೂ ಬಿಟ್ಟಿರಲಿಲ್ಲ. ಅದನ್ನು ಬೀಸಣಿಗೆಯಂತೆ ಬಿಚ್ಚಿಟ್ಟು ಎಲೆ ಎಲೆಗೂ ಮೂರು ಬೆರಳಿನಿಂದ ಹಸಿ ವಿಭೂತಿ ಎಳೆದು, ಆಮೇಲೆ ಚೊಕ್ಕಟವಾಗಿ ಮಡಿಸಿ ಇಟ್ಟಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಬಾಯಿಬಿಟ್ಟು ಯಾರಿಗಾದರೂ ಹೇಳಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಆದರೆ ಹೇಳುವ ಅಭ್ಯಾಸವಿರಲಿಲ್ಲ. ಕಾಕಾ ಎರಡು ಸಲ ಬಂದು, "ಆತಲ್ಲ ಯವ್ವಾ?" ಎಂದು ಕೇಳಿದ. ಎರಡೂ ಸಲ "ಆತು ಕಾಕಾ" ಎಂದೆ.

ಮರುದಿನ ಪೂಜೆ ಎಬ್ಬಿಸುವ ಹೊತ್ತಿಗೆ ಊಟದ ವೇಳೆ ಮೀರಿತ್ತು. ಕಾಕಿ ಸೀರೆ ಉಟ್ಟು, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಕೂತಾಗಿತ್ತು. ಕತ್ತಲಾಗುವ ಮೊದಲು ಬಬಲೇಶ್ವರ ಮುಟ್ಟಿ ಬನ್ನಿ ಕೊಡಬೇಕು. ನಾನು ಹೂವು ಕಿತ್ತು, ಪ್ಲಗ್ಗುಗಳನ್ನು ಪೆಟ್ರೋಲಿನಲ್ಲಿ ಅದ್ದಿ ಬ್ರಶ್ಶಿನಿಂದ ತಿಕ್ಕಿ, ಗಾಳಿ ಊದಿ, ಫಳಫಳ ಮಾಡಿದೆ. ಗೇಜನ್ನು ಮಾತ್ರ ಮಡಿಸಿದಂತೆಯೇ ಮೇಲೆ ಮೇಲೆ ಒರೆಸಿದೆ. ಅಳೆಯುವ ಸಾಮಾನಿಗೆ ಯಾರಾದರೂ ಸ್ನಾನ ಮಾಡಿಸುತ್ತಾರೆಯೇ? ಪಾಯಿಂಟ್ ಆರರ ಎಲೆ ಹುಡುಕಿ, ಬೆವರು ಕಣ್ಣಿಗಿಳಿಯುತ್ತಿದ್ದರೂ ಬಿಡದೆ, ನಾಲ್ಕೂ ಸಂದುಗಳನ್ನು ಮತ್ತೆ ಹೊಂದಿಸಿದೆ. ಎಲೆ ತಡೆದು ತಡೆದು ಜಾರಿತು. ಅತ್ಯಂತ ಸಮರ್ಪಕ!

ಪ್ಲಗ್ಗುಗಳನ್ನು ಕೂರಿಸಿ ವಾಯರು ಸಿಕ್ಕಿಸಿದ್ದು ಕಾಕಾ. ಕಾರು ಒಂದೇ ಸಲಕ್ಕೆ ಸುರುವಾಯಿತು. ಕಾಕಾ ಮೀಸೆಯಲ್ಲೇ ನಕ್ಕ. ಕಾಕಿ ಮುಂದೆ ಕೂತಳು, ನಾನೂ ಆಯಿಯೂ ಹಿಂದೆ. ಆಯಿ ಬರಬೇಕಾದ ಕೆಲಸವಿರಲಿಲ್ಲ. ಆದರೆ ಕಾರು ನಿಂತರೆ ತಾನಿಲ್ಲದೆ ನಿಲ್ಲಬಾರದು ಎಂಬ ಆಸೆ ಅವಳಿಗಿತ್ತು.

ಊರು ದಾಟುವ ತನಕ ಕಾರು ಬೆಣ್ಣೆಯಂತೆ ಹೋಯಿತು. ಬಬಲೇಶ್ವರದ ದಾರಿಗೆ ಹೊರಳಿ ಬಯಲು ಸಿಕ್ಕದ್ದೇ ತಡ, ಕಾಕಾ, "ಈಗ ನೋಡ ಇದರ ತಾಕತ್ತ!" ಎಂದು ಪೂರ್ತಿ ತುಳಿದ.

ಢಂ!

ಕಾರು ಕೆಮ್ಮಿತು. ಮುಗ್ಗರಿಸಿತು. ಇನ್ನೊಮ್ಮೆ ಢಂ! ರಸ್ತೆಯ ಬದಿ ಮೇಯುತ್ತಿದ್ದ ಕುರಿಗಳು ಒಂದೇ ಏಟಿಗೆ ಎರಡೂ ಕಡೆಯ ಹೊಲಗಳಿಗೆ ಹರಡಿಕೊಂಡವು.

"ಏ ಯಪ್ಪಾ, ಹಬ್ಬಕ್ಕ ಹೊಂಟೀರೋ ಬ್ಯಾಟಿಗೆ ಹೊಂಟೀರೋ?" ಎಂದು ಕುರಿಯವನು ಕೂಗಿದ.

ಕಾಕಾ ಕಾಲು ಸಡಿಲಿಸಿದ. ಕಾರು ಮತ್ತೆ ಸಭ್ಯವಾಯಿತು. ತುಳಿದ, ಢಂ. ಬಿಟ್ಟ, ಸಭ್ಯ. ಕಾಕಿ ಕಿವಿಯೋಲೆ ಮುಟ್ಟಿ ನೋಡಿಕೊಂಡಳು, ಅಷ್ಟೆ. ಅದು ಬಯ್ದಿದ್ದಕ್ಕಿಂತ ಕೆಟ್ಟದ್ದಾಗಿತ್ತು.

"ಗ್ಯಾಪು ಬರೋಬ್ಬರಿ ಐತಿಲ್ಲ ಯವ್ವಾ?" ಕಾಕಾನ ದನಿ ತೆಳ್ಳಗಾಗಿತ್ತು.

"ಪಾಯಿಂಟ್ ಆರು ಕಾಕಾ. ನಾಲ್ಕೂ."

ಹಾಗೆಂದು ನನಗೆ ನಾನೇ ಭರವಸೆ ಕೊಟ್ಟುಕೊಳ್ಳಲು ಚೀಲದಿಂದ ಗೇಜ್ ತೆಗೆದೆ. ಪಾಯಿಂಟ್ ಆರರ ಎಲೆಯನ್ನು ಉಗುರಿನಿಂದ ಮೀಟಿದೆ. ಅದು ಎರಡಾಯಿತು! ಹಿಂದೆ ಅಂಟಿಕೊಂಡಿದ್ದ ಇನ್ನೊಂದು ತೆಳ್ಳನೆಯ ಎಲೆ ಕಳಚಿಕೊಂಡು, ನಡುವಿನಿಂದ ಒಣಗಿದ ವಿಭೂತಿ ಪುಡಿ ಪುಡಿಯಾಗಿ ನನ್ನ ಮಡಿಲಿಗೆ ಉದುರಿತು. ನಾನು ಇಡೀ ಮಧ್ಯಾಹ್ನ, ಪರಮ ನಿಖರತೆಯಿಂದ, ಎರಡು ಎಲೆ ಮತ್ತು ಒಂದು ಪದರ ವಿಭೂತಿಯ ದಪ್ಪವನ್ನು ಅಳೆದಿದ್ದೆ.

ಅಗಲವಾದ ಸಂದು, ಒತ್ತಡ ಹೆಚ್ಚಿದರೆ ಕಿಡಿ ಹಾರುವುದಿಲ್ಲ. ಇದನ್ನೇ ನಾನು ಮಕ್ಕಳಿಗೆ ಹಲಗೆಯ ಮೇಲೆ ಬರೆದು ಬರೆದು ಕಲಿಸುತ್ತೇನೆ. ಹೇಳಿಬಿಡಲೇ? ಕಾರು ನಿಲ್ಲಿಸಿ ಸರಿಮಾಡಬೇಕು. ನಿಲ್ಲಿಸಿದರೆ ಅದು ನಡುದಾರಿ. ನಡುದಾರಿಯಲ್ಲಿ ನಿಂತರೆ ಗುಜರಿ.

"ಕಾಕಾ," ಎಂದೆ, ಸಾಧ್ಯವಾದಷ್ಟು ಗಂಭೀರವಾಗಿ. "ಪ್ಲಗ್ ಈಗ ತೊಳದೀವಲ್ಲ, ಪಳಗೋ ತನಕ ಮೆಲ್ಲಕ ಹೊಡೀಬೇಕು."

"ಹಂಗೇನು! ಮೊದಲ ಹೇಳಬಾರದ?"

ಹೀಗೆ ಕೊಲ್ಹಾಪುರದ ಪಿಸ್ಟನ್ನುಗಳೂ ಎರಡು ಕಾರ್ಬುರೇಟರುಗಳೂ ಇದ್ದ ಆ ಕಾರು ಬಬಲೇಶ್ವರದತ್ತ ಮೆರವಣಿಗೆಯ ವೇಗದಲ್ಲಿ ಹೊರಟಿತು. ಬೈಕುಗಳು ದಾಟಿಹೋದವು. ಟಂಟಂ ಆಟೋ ದಾಟಿಹೋಯಿತು. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಒಬ್ಬ ಮುದುಕ ನಮ್ಮ ಪಕ್ಕದಲ್ಲೇ ಬಹಳ ದೂರ ಬಂದು, ಕಾಕಾನ ಜೊತೆ ಮಳೆ ಬೆಳೆಯ ವಿಚಾರ ಮಾತಾಡಿ, ಆಮೇಲೆ ಅವಸರವಿದೆಯೆಂದು ಮುಂದೆ ಹೋದ!

ಬಿಸಿಲು ಹಳದಿಯಾಗುತ್ತ ಬಂತು. ನಾನು ಮುಂದಿನ ಪ್ರತಿ ಏರನ್ನೂ ಕಂಡು ಉಸಿರು ಹಿಡಿಯುತ್ತಿದ್ದೆ. ಬಬಲೇಶ್ವರಕ್ಕೆ ಮೊದಲು ಒಂದು ಏರಿದೆ ಎಂಬುದು ನನಗೆ ಗೊತ್ತಿತ್ತು. ಅಲ್ಲಿ ತುಳಿಯದೆ ಆಗುವುದಿಲ್ಲ ಎಂಬುದೂ ಗೊತ್ತಿತ್ತು. ಅಷ್ಟರಲ್ಲಿ ಆಯಿ, "ಮಲ್ಲ್ಯಾ, ನಿಲ್ಲಸೋ. ಅಲ್ಲಿ ಬನ್ನಿ ಗಿಡ ಐತಿ. ಸುತ್ತಿ ಎಲಿ ತಗೊಂಡು ಹೋಗೂನು" ಎಂದಳು.

ಆ ಕ್ಷಣ ಆಯಿಯ ಕಾಲಿಗೆ ಬೀಳಬೇಕೆನಿಸಿತು. ಕೆಟ್ಟು ನಿಲ್ಲುವುದು ಬೇರೆ, ದೇವರ ಸಲುವಾಗಿ ನಿಲ್ಲಿಸುವುದು ಬೇರೆ. ಇದಕ್ಕೆ ಕಾಕಿಯೂ ಏನೂ ಅನ್ನುವಂತಿಲ್ಲ.

"ನೀವು ಹೋಗ್ರಿ. ನಾ ಗಾಡಿ ಹಂತ್ಯಾಕ ಇರ್ತೀನಿ," ಎಂದೆ.

ಮೂವರೂ ಹೊಲದ ಬದುವಿಗೆ ಇಳಿದು ಮರೆಯಾದದ್ದೇ ಬಾನೆಟ್ ಎತ್ತಿದೆ. ವಾಯರುಗಳನ್ನು ಕಿತ್ತೆ. ಕಾದ ಪ್ಲಗ್ಗುಗಳನ್ನು ಪಾನಾದಿಂದ ಸಡಿಲಿಸಿ, ವೇಲಿನಲ್ಲಿ ಹಿಡಿದು ಬಿಚ್ಚಿದೆ. ವೇಲು ಕರಿಯಾಯಿತು, ಬೆರಳು ಕೆಂಪಾದವು. ಗೇಜಿನ ಎಲೆಯನ್ನು ಈ ಸಲ ಎರಡೂ ಕಡೆ ನೆಕ್ಕುವುದೊಂದು ಬಾಕಿ, ಅಷ್ಟು ಒರೆಸಿದೆ. ಒಂದು, ಎರಡು, ಮೂರು ಸರಿಯಾದವು. ನಾಲ್ಕನೆಯದು ಕೈಜಾರಿ ಕಲ್ಲಿನ ಮೇಲೆ ಬಿದ್ದು ಸಂದು ಮುಚ್ಚಿಕೊಂಡಿತು. ಅದನ್ನೂ ಮತ್ತೆ ತೆರೆದು, ಅಳೆದು, ತಿರುಗಿಸಿ ಕೂರಿಸಿದೆ. ಅವರು ಬರುವುದು ಕಾಣಿಸಿತು. ವಾಯರುಗಳನ್ನು ಸಿಕ್ಕಿಸಿ ಬಾನೆಟ್ ಇಳಿಸಿದೆ. ಈಗ ನಾಲ್ಕೂ ನಿಜವಾಗಿಯೂ ಪಾಯಿಂಟ್ ಆರು. ಜನ್ಮದಲ್ಲಿ ಅಷ್ಟು ಸಮಾಧಾನ ನನಗೆ ಆಗಿರಲಿಲ್ಲ.

ಕಾಕಾ ಕೀ ತಿರುಗಿಸಿದ. ಕಾರು ಕರ್ ಕರ್ ಎಂದಿತು. ಫಡ್ ಎಂದಿತು. ಒಂದು ಸಲ ಇಡೀ ಮೈ ಕೊಡವಿ ಸುಮ್ಮನಾಯಿತು.

ಗ್ಯಾಪಿನ ಧ್ಯಾನದಲ್ಲಿ ಯಾವ ವಾಯರು ಯಾವ ಪ್ಲಗ್ಗಿನದು ಎಂಬುದನ್ನು ನಾನು ನೋಡಿಕೊಂಡಿರಲಿಲ್ಲ! ನಾಲ್ಕು ವಾಯರುಗಳನ್ನು ಇಪ್ಪತ್ನಾಲ್ಕು ಬಗೆಯಲ್ಲಿ ಜೋಡಿಸಬಹುದು ಎಂಬ ಲೆಕ್ಕ ಮಾತ್ರ ತಲೆಗೆ ತಟ್ಟನೆ ಬಂತು. ವಿದ್ಯೆ ಕೈಬಿಡುವುದಿಲ್ಲ.

"ನಿಂತತೇನು?" ಎಂದಳು ಕಾಕಿ.

"ನಿಂತಿಲ್ಲ ಕಾಕಿ. ನಾವ ನಿಲ್ಲಿಸೇವಿ," ಎಂದೆ.

"ಹಂಗಾರ ಹೊಂಡಸ್ರಿ."

ಆಗಲೇ ಎದುರಿನಿಂದ ಟ್ರ್ಯಾಕ್ಟರಿನ ಸದ್ದು ಬಂತು. ಕಾಕಿಯ ತಮ್ಮ ಸಿದ್ದು ಮಾಮಾ, ಅಕ್ಕ ಇನ್ನೂ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದ. ಟ್ರಾಲಿಯ ತುಂಬ ಬನ್ನಿಗೆ ಹೊರಟ ಹೆಂಗಸರು. ಅವನು ಹಗ್ಗ ಎತ್ತಿ ತೋರಿಸುತ್ತ, "ಭಾವಾರ, ಈ ಸಲಾನೂ ನಾ ಹಗ್ಗ ಮರತಿಲ್ಲ ನೋಡ್ರಿ!" ಎಂದ. ಟ್ರಾಲಿ ಗೊಳ್ಳೆಂದಿತು.

ಕಾಕಿ ಇಳಿದಳು. ಹೋಳಿಗೆಯ ಡಬ್ಬಿಯನ್ನು ಎದೆಗವಚಿಕೊಂಡು, "ಸಿದ್ದಾ, ಹಗ್ಗ ಬ್ಯಾಡ. ಗುಜರಿಯಂವ ಯಾರರ ನಿನ್ನ ಗುರ್ತಿನಂವ ಅದಾನೇನ ಹೇಳು" ಎಂದಳು. ನಗು ನಿಂತಿತು. ಕಾಕಾ ಬಾನೆಟ್ಟಿನ ಮೇಲೆ ಕೈಯಿಟ್ಟು, ಜ್ವರ ಬಂದ ಮಗುವಿನ ಮೈ ಮುಟ್ಟಿ ನೋಡುವಂತೆ ಸವರುತ್ತ ನಿಂತ. ಕೊಟ್ಟ ಮಾತಿಗೆ ತಪ್ಪುವವನಲ್ಲ ಅವನು. ಅದೇ ನನಗೆ ಭಯ.

ಜನರ ಮುಂದೆ ಮಾತಾಡುವುದೆಂದರೆ ನನಗೆ ಚಳಿ ಬರುತ್ತದೆ. ಆದರೂ ಮುಂದೆ ಹೋದೆ.

"ಕಾಕಿ, ತಪ್ಪು ಗಾಡೀದಲ್ಲ," ಎಂದೆ.

"ಏನ? ಕೇಳವಲ್ದು!" ಎಂದ ಸಿದ್ದು ಮಾಮಾ, ಟ್ರ್ಯಾಕ್ಟರಿನ ಮೇಲಿಂದ.

"ತಪ್ಪು ಗಾಡೀದಲ್ಲ!"

"ಜ್ವಾರಲೇ ಹೇಳವಾ!"

"ತಪ್ಪು ನಂದು! ಎಲ್ಲಾ ನಾನ ಕೆಡಿಸೀನಿ!" ಎಂದು ಜೀವ ಬಿಟ್ಟು ಕೂಗಿದೆ. ಸರಿಯಾಗಿ ಅದೇ ಗಳಿಗೆಗೆ ಅವನು ಟ್ರ್ಯಾಕ್ಟರ್ ಬಂದ್ ಮಾಡಿದ್ದ. ನನ್ನ ಮಾತು ನಾಲ್ಕೂ ದಿಕ್ಕಿನ ಹೊಲಗಳ ಮೇಲೆ ಸ್ಪಷ್ಟವಾಗಿ ಹಾಯ್ದುಹೋಯಿತು.

ಆಮೇಲೆ ಎಲ್ಲವನ್ನೂ ಹೇಳಬೇಕಾಯಿತು. ಚೆಂಡು ಹೂವು, ವಿಭೂತಿ, ಅಂಟಿಕೊಂಡ ಎಲೆ, ಪಳಗುವ ಸುಳ್ಳು, ವಾಯರು. ಟ್ರಾಲಿಯಲ್ಲಿ ಹಿಂದೆ ಕೂತವರಿಗೆ ಮುಂದಿನವರು ತಿಳಿಸಿ ಹೇಳಿದರು.

"ಅಂದ್ರ ನನ್ನ ಪೂಜಾದ್ದು ತಪ್ಪಂತೇನ?" ಎಂದಳು ಆಯಿ.

"ಇಲ್ಲ ಆಯಿ. ನಾ ಗೇಜ್ ತೊಳೀಲಿಲ್ಲ."

"ಮತ್ತ! ದೇವರ ಮ್ಯಾಲ ಹಾಕಬ್ಯಾಡ."

ಕಾಕಾ ಅಷ್ಟರಲ್ಲಿ ಬಾನೆಟ್ ಎತ್ತಿದ್ದ. ದೂರ ನಿಂತು, ಕತ್ತು ಹಿಂದಕ್ಕೆಳೆದು ನೋಡಿದ. ಎರಡು ವಾಯರು ಕಿತ್ತು ಅದಲುಬದಲು ಮಾಡಿದ. ಕೀ ತಿರುಗಿಸಿದ.

ಕಾರು ಎದ್ದಿತು. ಎದ್ದದ್ದಷ್ಟೇ ಅಲ್ಲ; ಕಾಕಾ ಪೂರ್ತಿ ತುಳಿದರೂ ಒಂದು ಕೆಮ್ಮಿಲ್ಲ, ಮುಗ್ಗರಿಲ್ಲ. ದಪ್ಪ, ತುಂಬಿದ, ನೆಲ ನಡುಗುವ ಸದ್ದು. ಟ್ರಾಲಿಯ ಹೆಂಗಸರು ಕಿವಿ ಮುಚ್ಚಿಕೊಂಡರು. ಕಾಕಾನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡೆ; ಹೊಗೆಯೆಂದ.

ಕಾಕಿ ಆ ಸದ್ದನ್ನು ಕೇಳಿಸಿಕೊಂಡು ತೀರ್ಪು ಹೇಳಿದಳು. "ಗಾಡೀದು ತಪ್ಪಿಲ್ಲಂದ್ರ ಗಾಡಿ ಇರಲಿ. ಆದ್ರ ಈಕಿ ಗಾಡ್ಯಾಗ ಬ್ಯಾಡ. ಒಳಗ ಕುಂತ್ರ ಮತ್ತೇನರ ಸರಿ ಮಾಡಾಕ ಹೋಗ್ತಾಳ. ಸಿದ್ದಾ, ಈಕಿನ್ನ ನೀ ಕರಕೊಂಡ ಬಾ."

ಹೀಗೆ ಗುಜರಿಯ ಶಿಕ್ಷೆ ಕಾರಿನಿಂದ ನನಗೆ ವರ್ಗಾವಣೆಯಾಯಿತು. ಕಾಂಟೆಸಾ ಧೂಳೆಬ್ಬಿಸಿ ಏರನ್ನು ಒಂದೇ ಉಸಿರಿಗೆ ಹತ್ತಿ ಮರೆಯಾಯಿತು. ಕಾಕಿ ಕಿಟಕಿಯಿಂದ ಕೈ ಹೊರಗಿಟ್ಟಿದ್ದಳು. ನಾನು ಕರಿಯಾದ ವೇಲನ್ನು ಮಡಿಚಿ ಮುಚ್ಚಿಕೊಳ್ಳುತ್ತ ಟ್ರಾಲಿ ಹತ್ತಿದೆ. ಹೆಂಗಸರು ಸರಿದು ಜಾಗ ಕೊಟ್ಟರು. ಯಾರೂ ಏನೂ ಕೇಳಲಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಿತ್ತು.

ಟ್ರ್ಯಾಕ್ಟರ್ ಹೊರಟಾಗ ಟ್ರಾಲಿ ಜೋರಾಗಿ ಕುಲುಕಿತು. ಬೀಳದಿರಲೆಂದು ಪಕ್ಕದಲ್ಲಿದ್ದ ಹಿಂಬಾಗಿಲಿನ ಚಿಲಕ ಹಿಡಿದುಕೊಂಡೆ. ಬದಿಗೆ ಕೂತಿದ್ದ ಮುದುಕಿಯೊಬ್ಬಳು ನನ್ನ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು. ಆಮೇಲೆ ಬಹಳ ಮೃದುವಾಗಿ, ಒಂದೊಂದೇ ಬೆರಳು ಬಿಡಿಸಿ, ನನ್ನ ಕೈಯನ್ನು ನನ್ನ ಮಡಿಲಲ್ಲೇ ಇಟ್ಟಳು.

"ಅದನ್ನ ಬಿಡವಾ," ಎಂದಳು. "ಅದಿನ್ನಾ ಛಲೋ ಐತಿ."